ಒಂದನೇ ನಂಬರಿನ ಗಡಿಕಲ್ಲು

ಹೊಳೆಯಾಚೆಯ ಮುನ್ನೂರು ಎಕರೆಯಲ್ಲಿ ಒಂದು ನರಪಿಳ್ಳೆಯೂ ವಾಸವಿಲ್ಲವೆಂಬುದು ಸರ್ಕಾರಿ ದಾಖಲೆಗಳಿಂದ ದೃಢಪಟ್ಟಿದೆ. ಆದಕಾರಣ, ಏಳು ತಲೆಮಾರಿನಿಂದ ಅಲ್ಲಿ ವಾಸವಾಗಿರುವ ನಲವತ್ತಮೂರು ಕುಟುಂಬಗಳು ಏಳು ದಿನದೊಳಗೆ ಜಾಗ ಖಾಲಿ ಮಾಡತಕ್ಕದ್ದೆಂದು ನೋಟಿಸು ಬಂತು. ದೊಡ್ಡಮ್ಮ ಅದನ್ನು ಎರಡು ಸಲ ಓದಿಸಿಕೊಂಡಳು. ಎರಡು ಸಲವೂ ಹಾಗೆಯೇ ಇತ್ತು.

ದೊಡ್ಡಮ್ಮ ಎಂದರೆ ಊರಿಗೇ ದೊಡ್ಡಮ್ಮ. ಅಲ್ಲಿನ ಜಮೀನಿಗೆ ಕಾಗದಪತ್ರವೆಂಬುದಿಲ್ಲ. ಇರುವುದು ಅವಳ ಗಂಟಲು. ವರ್ಷಕ್ಕೊಮ್ಮೆ ಬಿತ್ತನೆಗೆ ಮುಂಚೆ ಮನೆಗೊಬ್ಬರಂತೆ ತಮ್ಮ ತಮ್ಮ ಹೊಲದ ಮೂಲೆಯಲ್ಲಿ ನಿಲ್ಲಬೇಕು, ದೊಡ್ಡಮ್ಮ ಒಬ್ಬೊಬ್ಬರ ಹೆಸರು ಕೂಗಬೇಕು, ಅವರು ಓಗೊಡಬೇಕು. ಓಗೊಟ್ಟವರದು ಹೊಲ. ಮಗು ಹುಟ್ಟಿದರೂ ಅಷ್ಟೇ. ಮೂಲೆಗೆ ಎತ್ತಿಕೊಂಡು ಹೋಗಿ ಹೆಸರು ಕೂಗಿದ ಮೇಲೆಯೇ ಅದಕ್ಕೆ ಹೊಲದ ಹಕ್ಕು. ಅವಳ ಸೊಸೆಗೆ ಆಗ ಎಂಟು ತಿಂಗಳು. ಹುಟ್ಟುವ ಕೂಸನ್ನು ಎತ್ತಿಕೊಂಡು ನಿಲ್ಲಲು ಮೂಲೆಯೇ ಇರುವುದಿಲ್ಲವಲ್ಲ ಎಂದುಕೊಂಡು ದೊಡ್ಡಮ್ಮ ನೋಟಿಸು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕಚೇರಿಗೆ ಹೋದಳು. ಗುಮಾಸ್ತ ಕಡತದ ದಾರ ಬಿಚ್ಚುತ್ತಿದ್ದ.

"ಯಾರೂ ಇಲ್ಲ ಅಂತ ನೀವೇ ಬರೆದಿದೀರಿ. ಮತ್ತೆ ಯಾರಪ್ಪ ಖಾಲಿ ಮಾಡಬೇಕು?"

"ಇಲ್ಲದವರು, ದೊಡ್ಡಮ್ಮ. ಇರೋರನ್ನ ಎಬ್ಬಿಸೋಕೆ ಕಾನೂನಲ್ಲಿ ಅವಕಾಶ ಇಲ್ಲ."

"ವಿಚಾರಣೆ ಮಾಡದೆ ಯಾರನ್ನೂ ಎಬ್ಬಿಸಬಾರದು ಅಂತ ಕೋರ್ಟು ಹೇಳಿದೆಯಂತಲ್ಲ?"

"ವಿಚಾರಣೆ ಮೊನ್ನೆ ಆಯ್ತಲ್ಲ. ಅಲ್ಲಿ ಯಾರೂ ಇಲ್ಲದ ಕಾರಣ ಯಾರಿಗೂ ತಿಳಿಸಲಿಲ್ಲ. ಯಾರೂ ಬರದ ಕಾರಣ ಯಾರ ಆಕ್ಷೇಪಣೆಯೂ ಇಲ್ಲ ಅಂತ ಬರೆದ್ವಿ."

"ಈಗ ನಾನು ಬಂದಿದೀನಲ್ಲ, ಬರ್ಕೋ."

ಗುಮಾಸ್ತ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಬರ್ಕೊಂಡ್ರೆ ನೀವು ಇದ್ದಂಗೆ ಆಗಿಬಿಡುತ್ತೆ," ಎಂದು ಕನಿಕರದಿಂದ ಹೇಳಿ ದಾರ ಕಟ್ಟಿದ.

ಎಂಟನೆಯ ದಿನ ಗಡಿ ಕೂಗುವ ದಿನವೇ ಆಗಿತ್ತು. ಎಬ್ಬಿಸುವವರು ಬರುತ್ತಾರೆಂದು ಕೂಗುವುದನ್ನು ಬಿಡುವುದುಂಟೇ? ಎಲ್ಲರೂ ತಮ್ಮ ಮೂಲೆಗಳಲ್ಲಿ ನಿಂತರು. ದೊಡ್ಡಮ್ಮ ಹೊಳೆದಂಡೆಯ ಮೂಲೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬುಲ್ಡೋಜರ್ ಬಂತು, ಅದರ ಹಿಂದೆ ಜೀಪು ಬಂತು, ಜೀಪಿನಿಂದ ಸಾಹೇಬರು, ಸರ್ವೆಯರ್, ಗುಮಾಸ್ತ ಮತ್ತು ಮೇಲಿನ ಕಚೇರಿಯಿಂದ ತಪಾಸಣೆಗೆ ಬಂದಿದ್ದ ಮೇಡಂ ಇಳಿದರು.

"ನಿಯಮ ಹನ್ನೊಂದರ ಪ್ರಕಾರ ತೆರವಿಗೆ ಮೊದಲು ಗಡಿಕಲ್ಲು ಎಣಿಸಬೇಕು," ಎಂದರು ಮೇಡಂ. "ಮೂರು ವರ್ಷದ ಹಿಂದೆ ನಲವತ್ತಮೂರು ಕಲ್ಲು ನೆಟ್ಟಿದೀರಿ ಅಂತ ಇದೆ. ಎಲ್ಲಿ?"

ಕಲ್ಲು ನೆಟ್ಟಿದ್ದು ನಿಜ, ಕಾಗದದ ಮೇಲೆ. ಆ ಕಲ್ಲುಗಳ ದೆಸೆಯಿಂದ ಸಾಹೇಬರ ಮನೆಗೆ ಮೇಲಂತಸ್ತು ಬಂದಿತ್ತು, ಸರ್ವೆಯರನ ಮನೆಗೆ ಗೇಟು ಬಂದಿತ್ತು, ಗುಮಾಸ್ತನಿಗೆ ಒಂದು ಛತ್ರಿ ಬಂದಿತ್ತು. ಸಾಹೇಬರು ಸರ್ವೆಯರನ ಮುಖ ನೋಡಿದರು. ಸರ್ವೆಯರ್ ಹೊಲದ ಕಡೆ ನೋಡಿದ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ ಎನ್ನುತ್ತಾರೆ. ಇವನ ಕಣ್ಣಿಗೆ ಐದಡಿ, ಆರಡಿಯ ಆಸರೆಗಳೇ ಬಿದ್ದವು.

"ಅಗೋ ಮೇಡಂ, ಒಂದನೇ ನಂಬರ್," ಎಂದು ದೊಡ್ಡಮ್ಮನ ಕಡೆ ಬೆರಳು ತೋರಿಸಿದ.

ಮೇಡಂ ಕನ್ನಡಕ ಸರಿಮಾಡಿಕೊಂಡರು. "ಉಸಿರಾಡ್ತಿದೆ."

"ಹೊಳೆದಂಡೆ ಅಲ್ವಾ ಮೇಡಂ, ಗಾಳಿ ಜಾಸ್ತಿ."

"ತಲೆ ಮೇಲೆ ಬಟ್ಟೆ ಇದೆ."

"ಬಿಸಿಲಿಗೆ ಬಿರುಕು ಬಿಡದಿರಲಿ ಅಂತ."

ಮೇಡಂ ಯೋಚಿಸಿದರು. ಇವರು ಜನ ಎಂದರೆ ಜನವಿಲ್ಲವೆಂಬ ದಾಖಲೆ ಸುಳ್ಳಾಗುತ್ತದೆ; ಕಲ್ಲಿಲ್ಲ ಎಂದರೆ ಕಲ್ಲಿನ ದಾಖಲೆ ಸುಳ್ಳಾಗುತ್ತದೆ. ಎರಡಕ್ಕೂ ಮೇಲುರುಜು ಅವರದೇ. "ನಲವತ್ತಮೂರೂ ಸುಸ್ಥಿತಿಯಲ್ಲಿವೆ" ಎಂದು ಬರೆದು ಸಹಿ ಹಾಕಿದರು.

ದೊಡ್ಡಮ್ಮನಿಗೆ ಸಿಟ್ಟು ನೆತ್ತಿಗೇರಿತು. ಆಮೇಲೆ ಏನೋ ಹೊಳೆದು ಮುಖ ಅರಳಿತು. "ಮೇಡಮ್ನೋರೇ, ಗಡಿಕಲ್ಲು ಕಿತ್ತರೆ ಏನು ಶಿಕ್ಷೆ?"

"ಮೂರು ವರ್ಷ ಜೈಲು," ಎಂದರು ಮೇಡಂ ಕಡತದಿಂದ ತಲೆಯೆತ್ತದೆ.

ಬುಲ್ಡೋಜರ್ ಚಾಲಕ ಎಂಜಿನ್ ಆರಿಸಿ ಕೆಳಗಿಳಿದ. "ನಂಗೆ ಹೆಂಡ್ತಿ ಮಕ್ಕಳಿದಾರೆ ಸಾರ್."

"ಯಾರೂ ಅಲ್ಲಾಡಬೇಡ್ರೋ, ನಾವೀಗ ಕಲ್ಲು!" ದೊಡ್ಡಮ್ಮ ಕೂಗಿದಳು. ನಲವತ್ತೆರಡು ಕಲ್ಲುಗಳು "ಓ" ಎಂದು ಓಗೊಟ್ಟವು. ಎಷ್ಟೋ ದಿನದ ಮೇಲೆ ಹೊಲದ ತುಂಬ ನಗು ಹರಡಿತು. ನಗಬಾರದೆಂದು ನಿಯಮದಲ್ಲಿ ಎಲ್ಲಿಯೂ ಇರಲಿಲ್ಲ.

ಸಂಜೆ ಧ್ವನಿವರ್ಧಕದಲ್ಲಿ ಪ್ರಕಟಣೆ ಹೊರಟಿತು: "ಸಾರ್ವಜನಿಕರ ಗಮನಕ್ಕೆ. ಹೊಳೆಯಾಚೆಯ ತೆರವು ಕಾರ್ಯ ಶಾಂತಿಯುತವಾಗಿ ಪೂರ್ಣಗೊಂಡಿದೆ. ರೈತರು ಯಾರೂ ಉಳಿದಿಲ್ಲ. ಉಳಿದಿರುವ ಕಲ್ಲುಗಳು ಊಟಕ್ಕೆ ಹೋಗುವಾಗ ಸಾಲಾಗಿ ಹೋಗತಕ್ಕದ್ದು." ಸಾಹೇಬರಿಗೆ ಬಡ್ತಿಯಾಯಿತು. ಕಲ್ಲುಗಳ ಬೆನ್ನಿಗೆ ಬಿಳಿ ಬಣ್ಣದಲ್ಲಿ ನಂಬರು ಬಿತ್ತು. ಕಲ್ಲುಗಳು ಉತ್ತವು, ಬಿತ್ತಿದವು. ಗಡಿಕಲ್ಲುಗಳ ಸುತ್ತ ಜೋಳ ತಾನಾಗಿಯೇ ಎದ್ದಿದೆ ಎಂದು ಗುಮಾಸ್ತ ಷರಾ ಬರೆದ.

ತಿಂಗಳು ತುಂಬಿ ಸೊಸೆ ಹೆಣ್ಣು ಹೆತ್ತಳು. ಗುಮಾಸ್ತ ಬಣ್ಣದ ಡಬ್ಬಿ ಹಿಡಿದು ಮೂಲೆಗೆ ಬಂದ.

"ಏನಂತ ಬರೀಲಿ, ದೊಡ್ಡಮ್ಮ? ಮನುಷ್ಯ ಅಂತ ಬರೆದ್ರೆ ಜನನ ಪತ್ರ ಸಿಗುತ್ತೆ, ಶಾಲೆ ಸಿಗುತ್ತೆ, ಆಸ್ಪತ್ರೆ ಸಿಗುತ್ತೆ. ಆದ್ರೆ ಏಳು ದಿನದಲ್ಲಿ ಜಾಗ ಖಾಲಿ ಮಾಡಬೇಕು."

ಕೂಸು ದೊಡ್ಡಮ್ಮನ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಅವಳು ಸೊಸೆಯ ಕಡೆ ನೋಡಿದಳು.

"ಕಲ್ಲು ಅಂತಲೇ ಬರೀರಿ ಅಣ್ಣ," ಎಂದಳು ಸೊಸೆ.

ಸುತ್ತ ನಿಂತವರೂ ಅದೇ ಸರಿಯೆಂದರು. ದೊಡ್ಡಮ್ಮ ಹೆಸರು ಕೂಗಲು ಬಾಯಿ ತೆರೆದಾಗ ಗುಮಾಸ್ತ, ಹೆಸರು ಬೇಡ, ನಂಬರು ಸಾಕು ಎಂದ.

"ನಲವತ್ನಾಕೂ!" ದೊಡ್ಡಮ್ಮ ಕೂಗಿದಳು.

ಕೂಸು ಅತ್ತಿತು. ಅದು ಓಗೊಟ್ಟಿದೆ ಎಂದು ದಾಖಲಿಸಲಾಯಿತು. ಬೆನ್ನಿನ ಬಣ್ಣ ಒಣಗುವವರೆಗೆ ಯಾರೂ ಎತ್ತಿಕೊಳ್ಳಬಾರದು ಎಂದು ಗುಮಾಸ್ತ ಹೇಳಿದ. ಎಲ್ಲರೂ ಸುತ್ತ ಕುಳಿತು ಕಾದರು.