ಮೂವರು ನರಹರಿ ಕುಲಕರ್ಣಿಗಳು

ಒಂದು ಕಡೆ ಕಾಲು ನಿಲ್ಲದವನ ಬದುಕಿನಲ್ಲಿ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ನಾನಾಗಿ ಹುಡುಕಿಕೊಂಡು ಹೋದವನಲ್ಲ. ಅವೇ ನನ್ನ ರೈಲು ಡಬ್ಬಿ ಹತ್ತಿ, "ಸ್ವಲ್ಪ ಸರೀರಿ" ಅಂತ ಪಕ್ಕದಲ್ಲಿ ಕೂತುಬಿಡುತ್ತವೆ.

ಏಳನೆಯ ಇಯತ್ತೆ ಅರ್ಧಕ್ಕೆ ಬಿಟ್ಟು ಹುಬ್ಬಳ್ಳಿಯಲ್ಲಿ ರೈಲು ಹತ್ತಿದವನು ನಾನು. ಎಲ್ಲೆಲ್ಲೋ ಇಳಿದು, ಮತ್ತೆಲ್ಲೋ ಹತ್ತಿ, ತೊಂಬತ್ತರ ದಶಕದಲ್ಲಿ ಗುಜರಾತಿಗೆ ಬಂದು ಮುಟ್ಟಿದ್ದೆ. ಸೂರತ್, ವಡೋದರಾ, ಅಹಮದಾಬಾದ್ ಈ ಮೂರು ಊರಿನ ಕನ್ನಡದ ಮನೆಗಳಿಗೆ ಜೋಳದ ಹಿಟ್ಟು, ಬ್ಯಾಡಗಿ ಮೆಣಸಿನಕಾಯಿ, ಗುರೆಳ್ಳು ಚಟ್ನಿಪುಡಿ ಮುಟ್ಟಿಸುವುದು ನನ್ನ ಉದ್ಯೋಗ. ಎರಡು ಚೀಲ, ಒಂದು ರೈಲು ಪಾಸು, ಅಷ್ಟೇ ಬಂಡವಾಳ. ಪೊಟ್ಟಣದ ಮೇಲೆ ಹೆಸರು ಮಾತ್ರ ಬರೆಯುತ್ತಿದ್ದೆ, ವಿಳಾಸ ತಲೆಯಲ್ಲಿರುತ್ತಿತ್ತು. ತಲೆ ಚೆನ್ನಾಗಿಯೇ ಇತ್ತು. ತೊಂದರೆ ಬಂದದ್ದು ಹೆಸರಿನಿಂದ.

೧. ಊರಿಗೊಬ್ಬರು

ನನ್ನ ಗಿರಾಕಿಗಳಲ್ಲಿ ಊರಿಗೊಬ್ಬರಂತೆ ಮೂವರು ನರಹರಿ ಕುಲಕರ್ಣಿಗಳಿದ್ದರು. ಮೂವರೂ ತಮ್ಮ ತಮ್ಮ ಕೆಲಸದಲ್ಲಿ ಹೆಸರು ಮಾಡಿದವರೇ. ಅಹಮದಾಬಾದಿನವರು ವಿಜ್ಞಾನಿ, ಉಪಗ್ರಹಕ್ಕೆ ಕ್ಯಾಮರಾ ಮಾಡುವವರು. ಸೂರತ್ತಿನವರು ಇಳಕಲ್ಲಿನ ಕಡೆಯಿಂದ ಬಂದ, ಬಟ್ಟೆಗೆ ಬಣ್ಣ ಕಟ್ಟುವ ಡೈಯಿಂಗ್ ಮಾಸ್ಟರ್. ಅಲ್ಲಿನ ಉಧ್ನಾದ ಕಾರಖಾನೆಗಳಲ್ಲಿ ಸೀರೆಯ ಬಣ್ಣ ಕೂಡದಿದ್ದರೆ ಇವರನ್ನು ಆಟೋ ಕಳಿಸಿ ಕರೆಸುತ್ತಿದ್ದರು. ವಡೋದರಾದ ಮಂಜಲ್‌ಪುರದವರು ಧಾರವಾಡದ ಗವಾಯಿಗಳು. ಹೊಟ್ಟೆಗೆ ವಿಮೆ ಕಚೇರಿಯ ನೌಕರಿ, ಜೀವಕ್ಕೆ ಹಾಡು.

ಈ ಗವಾಯಿಗಳ ಹೆಸರು ಮಾತ್ರ ಮಂಜಲ್‌ಪುರ ದಾಟಿರಲಿಲ್ಲ. ಅಲ್ಲಿ ಗಣಪತಿ ಕೂಡಿಸಿದವರೆಲ್ಲ ಅವರನ್ನು ಕರೆಯುತ್ತಿದ್ದರು. ಊರ ಹೊರಗೆ ಒಬ್ಬರೂ ಕರೆದಿರಲಿಲ್ಲ. ಒಂದು ಸಲ ಹೋದಾಗ ತಂಬೂರಿಗೆ ಹಳೇ ಧೋತರ ಸುತ್ತುತ್ತಿದ್ದರು.

"ಏನ್ರೀ ಇದು?" ಅಂದೆ.

"ಸಂಗೀತ ಶಾಲೆಯವರು ಕೇಳ್ಯಾರ. ಈ ವರ್ಷ ಒಂದು ಒಳ್ಳೇ ಹಾಡಿನ ಬೈಠಕ್ ಆಗಲಿಲ್ಲ ಅಂದ್ರ ಕೊಟ್ಟುಬಿಡತೇನಿ. ಐವತ್ತು ದಾಟಿತು. ಇನ್ನ ಯಾರಿಗೆ ಕಾಯೋದು?"

ಅವರ ಹೆಂಡತಿ ಒಳಗಿನಿಂದ ಕೂಗಿದರು: "ತಂಬೂರಿ ಕೊಟ್ಟರ ಆ ಮೂಲಿಯೊಳಗ ನಾ ಹಿಟ್ಟಿನ ಡಬ್ಬಿ ಇಡಾಂಗಿಲ್ಲ. ಖಾಲೀನ ಬಿಡತೇನಿ. ದಿನಾ ನೋಡ್ರಿ ಅದನ್ನ!"

ಗವಾಯಿಗಳು ಧೋತರದ ಗಂಟು ಬಿಗಿದರು. ನಾನು ಸುಮ್ಮನಿರಬೇಕಿತ್ತು, ಆದರೆ ನನ್ನ ಬಾಯಿಗೆ ಪಾಸು ಬೇಕಿಲ್ಲ ನೋಡಿ. "ಅಹಮದಾಬಾದಿನಾಗ ನಿಮ್ಮ ಹಾಡು ಇಡಸತೇನಿ" ಅಂದುಬಿಟ್ಟೆ.

"ಯಾರಿಗೆ ಹೇಳಿ?"

"ಚಟ್ನಿಪುಡಿ ತಿನ್ನೋರೆಲ್ಲಾ ನನಗ ಗೊತ್ತು" ಅಂದೆ. ನನಗಿದ್ದ ವಶೀಲಿ ಅಷ್ಟೇ.

೨. ಶೇಠರ ಕೊಡೆ

ಅದೇ ತಿಂಗಳು ಒಂದು ಗುಜರಾತಿ ಪತ್ರಿಕೆಯಲ್ಲಿ, ನರಹರಿ ಕುಲಕರ್ಣಿಯವರ ಕ್ಯಾಮರಾ ಆಕಾಶದಿಂದ ಹೊಲದ ಬದು ಕೂಡ ತೋರಿಸುತ್ತದೆ ಅಂತ ಸುದ್ದಿ ಬಂತು. ಫೋಟೋ ಇರಲಿಲ್ಲ. ಉಧ್ನಾದ ಜನಕ್ಕೆ ಗೊತ್ತಿದ್ದ ನರಹರಿ ಕುಲಕರ್ಣಿ ಒಬ್ಬರೇ. ಡೈಯಿಂಗ್ ಮಾಸ್ಟರ್ ಬೆಳಿಗ್ಗೆ ಕೆಲಸಕ್ಕೆ ಬಂದರೆ ಬಾಗಿಲಲ್ಲೇ ಹಾರ ಹಾಕಿದರು.

"ಅದು ನಾನಲ್ಲ ಭಾಯ್, ಬೇರೆಯವರು" ಅಂದರು ಮಾಸ್ಟರ್.

"ಸರ್ಕಾರಿ ಗುಟ್ಟು, ಹಾಗೇ ಹೇಳಬೇಕಾಗ್ತದೆ" ಅಂತ ಎಲ್ಲರೂ ತಲೆಯಾಡಿಸಿದರು.

ಅವರ ದೊಡ್ಡ ಗಿರಾಕಿ ಒಬ್ಬ ಸೀರೆ ವ್ಯಾಪಾರಿ ಶೇಠ್. ಅವರಿಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ಸಿಹಿ ಬಂದ್. ಶೇಠಾಣಿ ಒಂದು ದಿನ ಕಾರಖಾನೆಗೇ ಬಂದು, "ಮಾಸ್ಟರ್‌ಜಿ, ಇವರು ದಿನಾ ಸಂಜೆ ವಾಕಿಂಗ್ ಅಂತ ಅಡಾಜಣ್ ಕಡೆ ಹೋಗ್ತಾರೆ. ಹೋದಷ್ಟೂ ದಪ್ಪ ಆಗ್ತಿದ್ದಾರೆ. ನಿಮ್ಮ ಕ್ಯಾಮರಾದಲ್ಲಿ ಸ್ವಲ್ಪ ನೋಡ್ತೀರಾ?" ಅಂತ ಕೇಳಿದರು.

ಅಲ್ಲ ಅಲ್ಲ ಅಂತ ಹೇಳಿ ಹೇಳಿ ಮಾಸ್ಟರ್ ಬೇಸತ್ತಿದ್ದರು. ಒಮ್ಮೆ ಆಕಾಶ ನೋಡಿ, "ಮಿಠಾಯಿ ಅಂಗಡಿ ಮುಂದೆ ನಿಂತ ಹಾಗೆ ಕಾಣ್ತದೆ, ಬೆಹೆನ್" ಅಂದರು. ಸೂರತ್ತಿನಲ್ಲಿ ಎಲ್ಲಿ ನಿಂತರೂ ಅದು ಮಿಠಾಯಿ ಅಂಗಡಿಯ ಮುಂದೆಯೇ, ಅದಕ್ಕೆ ಉಪಗ್ರಹ ಯಾಕೆ?

ಮುಂದಿನ ವಾರ ನಾನೇ ಕಣ್ಣಾರೆ ಕಂಡೆ. ಸಂಜೆಯ ಹೊತ್ತು, ಬಿಸಿಲೂ ಇಳಿದಿತ್ತು, ಒಂದು ಮೋಡವಿಲ್ಲ. ಶೇಠರು ಮಿಠಾಯಿ ಅಂಗಡಿಯ ಮುಂದೆ ದೊಡ್ಡ ಕರೀ ಕೊಡೆ ಬಿಚ್ಚಿಕೊಂಡು, ಆಕಾಶಕ್ಕೆ ಕಾಣದ ಹಾಗೆ ಅದರ ಅಡಿಯಲ್ಲೇ ತುಪ್ಪ ಸೋರುವ ಘಾರಿ ಮಿಠಾಯಿ ತಿನ್ನುತ್ತಿದ್ದರು.

೩. ಬೆಳ್ಳುಳ್ಳಿ ವಾಸನೆಯ ಬಣ್ಣ

ಈಗ ನನ್ನ ತಪ್ಪು. ಶೇಠರಿಗೆ ಅಹಮದಾಬಾದಿನಲ್ಲೂ ಒಂದು ಅಂಗಡಿ ಇತ್ತು. ಮಾಸ್ಟರ್ ಆ ವರ್ಷದ ಹೊಸ ಬಣ್ಣಗಳ ನಮೂನೆ ಕಳಿಸಬೇಕಿತ್ತು. ಅಂಗೈಯಗಲದ ಬಟ್ಟೆಯ ತುಂಡುಗಳು, ಒಂದೊಂದಕ್ಕೂ ನಂಬರಿನ ಚೀಟಿ. ಚೀಲ ಕಟ್ಟಿ, ಮೇಲೆ ತಮ್ಮ ಹೆಸರು ಬರೆದು, "ಅಹಮದಾಬಾದಿನ ಅಂಗಡೀಗೆ ಕೊಡಪಾ" ಅಂತ ನನ್ನ ಕೈಗಿಟ್ಟರು. ಅದೇ ಬಣ್ಣದ ಇನ್ನೊಂದು ಚೀಲದಲ್ಲಿ ವಿಜ್ಞಾನಿಗಳ ಮನೆಗೆ ಒಯ್ಯಬೇಕಾದ ಗುರೆಳ್ಳಿನ ಕರೀ ಚಟ್ನಿಪುಡಿ ಇತ್ತು. ಅದರ ಮೇಲೂ ನರಹರಿ ಕುಲಕರ್ಣಿ. ಮುಂದಿನದನ್ನು ನೀವೇ ಊಹಿಸಿ.

ಎರಡು ದಿನಕ್ಕೆ ಅಹಮದಾಬಾದಿನ ಅಂಗಡಿಯಿಂದ ಶೇಠರ ಫೋನು ಉಧ್ನಾಕ್ಕೆ ಬಂತು.

"ಮಾಸ್ಟರ್, ಕಪ್ಪು ಪುಡಿ ಕಳಿಸಿದ್ದೀರಿ. ಹೊಸ ಬಣ್ಣವಾ?"

"ಯಾವ ಕಪ್ಪು ಪುಡಿ?"

"ಬಿಸಿನೀರಲ್ಲಿ ಕಲಸಿ ಬಿಳೀ ಸೀರೆ ಅದ್ದಿಸಿದೆ. ಬಣ್ಣ ಪರವಾಗಿಲ್ಲ. ಆದರೆ ಈ ಬೆಳ್ಳುಳ್ಳಿ ವಾಸನೆ ಒಗೆದರೆ ಹೋಗ್ತದಾ?"

ಮಾಸ್ಟರ್ ಫೋನಿಟ್ಟು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಮರುದಿನದ ಬೆಳಗಿನ ಗಾಡಿಗೆ ಇಬ್ಬರೂ ಅಹಮದಾಬಾದಿಗೆ ಹೊರಟೆವು. ಅಲ್ಲಿ ಶೇಠರನ್ನೂ ಕೂಡಿಸಿಕೊಂಡು ವಿಜ್ಞಾನಿಗಳ ಮನೆಗೆ ಹೋದೆವು.

ವಿಜ್ಞಾನಿಗಳ ತಾಯಿ ಬಾಗಲಕೋಟೆಯಿಂದ ಮರಿಮಗನನ್ನು ನೋಡಲು ಬಂದಿದ್ದರು. ಅವರ ಕೈಗೆ ಬಣ್ಣ ಬಣ್ಣದ ಬಟ್ಟೆ ತುಂಡಿನ ಚೀಲ ಸಿಕ್ಕರೆ ಏನಾಗಬೇಕೋ ಅದೇ ಆಗಿತ್ತು. ಚೀಟಿಗಳನ್ನೆಲ್ಲ ಕಿತ್ತು ಕಸಕ್ಕೆ ಹಾಕಿ, ಪಕ್ಕದ ಮನೆಯ ಗುಜರಾತಿ ಹೆಂಗಸರನ್ನೂ ಸೇರಿಸಿಕೊಂಡು, ತೊಟ್ಟಿಲಿಗೆ ಕೌದಿ ಹೊಲಿದುಬಿಟ್ಟಿದ್ದರು!

"ಊರಿಂದ ಯಾರೋ ಪುಣ್ಯಾತ್ಮರು ಕಳಿಸ್ಯಾರ ಅಂದುಕೊಂಡೆ" ಅಂದರು ಅಜ್ಜಿ. "ಬಿಚ್ಚಿ ಕೊಡಲೇನು?"

"ಬ್ಯಾಡ್ರಿ ಅವ್ವಾ" ಅಂದರು ಮಾಸ್ಟರ್. ಆ ಹೊಲಿಗೆ ನೋಡಿದ ಮೇಲೆ ಯಾರಿಗೂ ಬಿಚ್ಚುವ ಮನಸ್ಸು ಬರುತ್ತಿರಲಿಲ್ಲ. ಕೂಸು ಕೌದಿಯ ಮೇಲೆ ಕೈಕಾಲು ಆಡಿಸುತ್ತ ಮಲಗಿತ್ತು. ಶೇಠರು ತೊಟ್ಟಿಲಿಗೆ ಬಗ್ಗಿ ಒಂದೊಂದೇ ತುಂಡಿಗೆ ಬೆರಳಿಡುತ್ತಿದ್ದರು, ಮಾಸ್ಟರ್ ಚೀಟಿಯಿಲ್ಲದೆ ನಂಬರು ಹೇಳುತ್ತಿದ್ದರು. ಒಂದೂ ತಪ್ಪಲಿಲ್ಲ. ನಡುವೆ ಒಂದು ಕಡೆ ಶೇಠರ ಬೆರಳು ನಿಂತಿತು.

"ಇದರಲ್ಲಿ ಹಳದಿ ಸ್ವಲ್ಪ ಹೆಚ್ಚಾಯ್ತಲ್ಲ, ಮಾಸ್ಟರ್?"

"ಅದು ನಮ್ಮ ಬಣ್ಣ ಅಲ್ಲ ಶೇಠ್, ಕೂಸಿನದು."

೪. ಸುತ್ತಿ ಹೇಳಿದ ಮಾತು

ಆ ದಿನ ಊಟಕ್ಕೆ ಕೂತಾಗ ಇಬ್ಬರು ನರಹರಿ ಕುಲಕರ್ಣಿಗಳೂ ಖುಷಿಯಲ್ಲಿದ್ದರು. ಇದೇ ಸಮಯ ಅಂತ ನಾನು ಮೂರನೆಯವರ ಕಥೆ ತೆಗೆದೆ. ತಂಬೂರಿ, ಧೋತರ, ಖಾಲಿ ಮೂಲೆ, ಎಲ್ಲ ಹೇಳಿದೆ.

ವಿಜ್ಞಾನಿಗಳು ಎದ್ದು, ಕೈತೊಳೆದು, ನಮ್ಮೆದುರಿಗೇ ಕನ್ನಡ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದರು. "ನಿಮ್ಮ ರಾಜ್ಯೋತ್ಸವಕ್ಕ ನರಹರಿ ಕುಲಕರ್ಣಿ ಹಾಡ್ತಾರ. ಭಾಳ ಛಲೋ ಹಾಡ್ತಾರಂತ. ಎರಡು ತಾಸು ಇಟ್ಟುಕೊಳ್ರಿ." ಆ ಕಡೆಯಿಂದ "ಆಗಲಿ ಸರ್, ಧನ್ಯವಾದ ಸರ್" ಅಂತ ಬಂತು. ಕೆಲಸ ಮುಗಿಯಿತು ಅಂದುಕೊಂಡೆವು.

ಹದಿನೈದು ದಿನಕ್ಕೆ ಆಮಂತ್ರಣ ಅಚ್ಚಾಯಿತು. ವಡೋದರಾಕ್ಕೆ ನಾನೇ ಒಯ್ದೆ. ಗವಾಯಿಗಳು ಕೈ ಒರೆಸಿಕೊಂಡು ಬಿಚ್ಚಿದರು. ಒಳಗೆ "ಶ್ರೀ ನರಹರಿ ಕುಲಕರ್ಣಿಯವರಿಂದ ಗಾಯನ" ಅಂತ ದಪ್ಪಕ್ಷರ. ಪಕ್ಕದಲ್ಲಿ ಕನ್ನಡಕ ಹಾಕಿ, ಟೈ ಕಟ್ಟಿದ ವಿಜ್ಞಾನಿಗಳ ಫೋಟೋ.

ಫೋಟೋದ ಮೇಲೆ ಬೆರಳಿಟ್ಟರು. "ಹೆಸರು ನಂದು. ಮಾರಿ ಇನ್ನೊಬ್ಬರದು" ಅಂದರು.

ನಾನು ಎಸ್‌ಟಿಡಿ ಬೂತಿಗೆ ಓಡಿ ಕಾರ್ಯದರ್ಶಿಯನ್ನು ಹಿಡಿದೆ. ಆತ ಮೈಸೂರಿನ ಕಡೆಯ ಬ್ಯಾಂಕಿನವರು, ಭಾರೀ ಮರ್ಯಾದಸ್ಥರು.

"ನೋಡಪ್ಪಾ, ಅಷ್ಟು ದೊಡ್ಡವರು ತಮ್ಮ ಬಾಯಿಂದ 'ನಾನು ಚೆನ್ನಾಗಿ ಹಾಡ್ತೀನಿ' ಅಂತಾರಾ? ಹೀಗೆ ಸುತ್ತಿ ಹೇಳ್ತಾರೆ. ನಾವು ಅರ್ಥ ಮಾಡ್ಕೋಬೇಕು."

"ಇಲ್ಲ ಸಾರ್, ಅವರು ಹೇಳಿದ್ದು ವಡೋದರಾದ ವಿಮೆ ಕಚೇರಿಯವರ ಸುದ್ದಿ."

"ಅಯ್ಯೋ, ಎಂಟು ನೂರು ಕಾರ್ಡ್ ಹಂಚಿ ಆಯ್ತು. ಉಪಗ್ರಹದವರು ಹಾಡ್ತಾರೆ ಅಂತ ಗುಜರಾತಿಯವರೂ ಬರ್ತಿದ್ದಾರೆ. ಈಗ ವಿಮೆ ಕಚೇರಿಯವರು ಅಂದ್ರೆ ಹಾಲ್ ಖಾಲಿ!"

ವಾಪಸು ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ನನ್ನ ಮುಖ ನನಗೇ ಬೇಡವಾಗಿತ್ತು. ಗವಾಯಿಗಳು ಆಮಂತ್ರಣವನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. "ಬರತೇನಿ" ಅಂದರು. "ಹಾಡಸಲಿಲ್ಲ ಅಂದ್ರ ಅಲ್ಲಿಂದ ತಿರುಗಿ ಬಂದು ತಂಬೂರಿ ಶಾಲೆಗೆ ಕೊಟ್ಟುಬಿಡತೇನಿ. ಅನುಮಾನಾದರೂ ಮುಗೀತದ."

ಹೆಂಡತಿ ಒಳಗಿನಿಂದ ಅಂದರು: "ಹಾಡಸೂ ತನಕ ಅಲ್ಲೇ ಕೂತು ಬರ್ರಿ. ಬುತ್ತಿ ಕಟ್ಟಿ ಕೊಡತೇನಿ."

೫. "ಇಳಿಯೋ ನರಹರಿ!"

ಆ ಸಂಜೆ ಹಾಲ್ ತುಂಬಿ ಜನ ಕಿಟಕಿಯಲ್ಲಿ ನಿಂತಿದ್ದರು. ಗವಾಯಿಗಳು ಪಕ್ಕದ ಮೆಟ್ಟಿಲ ಹತ್ತಿರ ತಂಬೂರಿ ಅಪ್ಪಿಕೊಂಡು ಕೂತಿದ್ದರು. ತಂಬೂರಿ ನುಡಿಸಬೇಕಾದ ಶಿಷ್ಯ ಗಾಡಿ ತಪ್ಪಿಸಿಕೊಂಡಿದ್ದ. ಸೂರತ್ತಿನಿಂದ ಬಂದಿದ್ದ ಡೈಯಿಂಗ್ ಮಾಸ್ಟರ್ "ನಾಕ ತಂತಿ ಅಲ್ಲೇನು? ತೋರಸ್ರಿ" ಅಂತ ಅಲ್ಲೇ ಕೂತು ಕಲಿಯುತ್ತಿದ್ದರು.

ವಿಜ್ಞಾನಿಗಳು ವೇದಿಕೆ ಹತ್ತಿ, ಕನ್ನಡ, ಹಿಂದಿ, ಗುಜರಾತಿ ಮೂರರಲ್ಲೂ ಹೇಳಿದರು: "ಹಾಡೋರು ನಾನಲ್ಲ. ನನಗ ಹಾಡಾಕ ಬರಾಂಗಿಲ್ಲ."

ಜನ ಚಪ್ಪಾಳೆ ತಟ್ಟಿದರು. "ವಾಹ್! ಎಂಥ ವಿನಯ!" "ಸಾಹೇಬ್, ಒಂದೇ ಒಂದು!"

ಕಾರ್ಯದರ್ಶಿ ಕೈಮುಗಿದು ಮೈಕು ಹಿಡಿದರು. ಬೇರೆ ದಾರಿ ಕಾಣದೆ ವಿಜ್ಞಾನಿಗಳು ಕಣ್ಣುಮುಚ್ಚಿ ಸಣ್ಣಂದಿನ ಒಂದು ಪದ ಎತ್ತಿಕೊಂಡರು. ಆಕಾಶಕ್ಕೆ ಕ್ಯಾಮರಾ ಹಾರಿಸಿದವರು ನಿಜ. ಈ ದನಿ ಮಾತ್ರ ನೆಲ ಬಿಡಲಿಲ್ಲ. ಎರಡನೆಯ ಸಾಲಿಗೆ ಮುಂದಿನ ಸಾಲಿನಿಂದ ಅವರ ತಾಯಿ ಎದ್ದು ನಿಂತು ಗದರಿದರು:

"ನರಹರಿ, ಸಾಕು! ಇಳಿಯೋ ಕೆಳಗ!"

ಅಷ್ಟರಲ್ಲಿ ಧೈರ್ಯ ಮಾಡಿ ಎರಡು ಮೆಟ್ಟಿಲು ಹತ್ತಿದ್ದ ಗವಾಯಿಗಳು ಗಾಬರಿಯಾಗಿ ಇಳಿದುಬಿಟ್ಟರು. ಅವರ ಹಿಂದೆ ತಂಬೂರಿ ಹೊತ್ತಿದ್ದ ಮಾಸ್ಟರೂ ಇಳಿದರು. ಒಂದು ಮಾತಿಗೆ ಮೂವರು ನರಹರಿಗಳು ಕೆಳಗೆ, ವೇದಿಕೆ ಖಾಲಿ.

"ನೀವಲ್ಲೋ!" ಅಂತ ಅಜ್ಜಿ ಗವಾಯಿಗಳ ಕಡೆ ಕೈ ಮಾಡಿದರು. "ನೀ ಹತ್ತಪ್ಪಾ. ಹಾಡಾಕ ಬಂದಾವ ನೀ ಅಲ್ಲೇನು? ನನ್ನ ಮಗನ್ನ ಇಳಸಾಕ ಇಷ್ಟ ಹೊತ್ತಾತು."

ಗವಾಯಿಗಳು ಹತ್ತಿದರು. ಯಮನ್ ರಾಗ ಹಚ್ಚಿದರು. ಮೊದಲ ಹತ್ತು ನಿಮಿಷ ಹಿಂದಿನ ಸಾಲಿನವರು ಪಿಸುಗುಟ್ಟುತ್ತಿದ್ದರು. ಆಮೇಲೆ ಅದೂ ನಿಂತಿತು. ಕಿಟಕಿಯಲ್ಲಿ ನಿಂತವರು ನಿಂತೇ ಇದ್ದರು, ಎರಡು ತಾಸು. ಮೂವತ್ತು ವರ್ಷ ಮಂಜಲ್‌ಪುರದಲ್ಲಿ ಮಡಚಿಟ್ಟದ್ದನ್ನೆಲ್ಲ ಬಿಚ್ಚಿ ಹಾಸಿದ ಹಾಗಿತ್ತು. ಮುಗಿದ ಮೇಲೆ ಕಾರ್ಯದರ್ಶಿ ಕಣ್ಣೊರೆಸಿಕೊಂಡು ನನ್ನ ಕಿವಿಯಲ್ಲಿ ಅಂದರು: "ಸುತ್ತಿ ಹೇಳಿದ್ದೇ ಆದರೂ ಸುಳ್ಳು ಹೇಳಿರಲಿಲ್ಲಪ್ಪ ಅವರು."

೬. ಬೇಕಾದ ಸಾಮಾನು

ಮರುದಿನ ಗುಜರಾತಿ ಪತ್ರಿಕೆಯಲ್ಲಿ "ಉಪಗ್ರಹ ವಿಜ್ಞಾನಿಯ ಅದ್ಭುತ ಗಾಯನ" ಅಂತ ಬಂತು. ಫೋಟೋ ಮಾತ್ರ ಕಣ್ಣುಮುಚ್ಚಿ ತಂಬೂರಿ ಮೀಟುತ್ತಿದ್ದ ಡೈಯಿಂಗ್ ಮಾಸ್ಟರದು. ಒಂದೇ ಸುದ್ದಿಯಲ್ಲಿ ಮೂವರನ್ನೂ ಮುಗಿಸಿದ್ದರು.

ಗವಾಯಿಗಳಿಗೆ ನೋವಾಯಿತೇನೋ ಅಂತ ಹೆದರುತ್ತ ಹೋದೆ. ಅವರು ಪತ್ರಿಕೆ ಹಿಡಿದು ಹೆಂಡತಿಗೆ ತೋರಿಸಿ ನಗುತ್ತಿದ್ದರು. "ಮಾರಿ ಯಾರದರ ಇರಲಿ. ಹಾಡು ನಂದ ಅಲ್ಲೇನು?"

ಸುದ್ದಿ ಓದಿ ಭರೂಚ್, ನವಸಾರಿ, ಆಣಂದ್‌ನಿಂದೆಲ್ಲ ವಿಜ್ಞಾನಿಗಳ ಕಚೇರಿಗೆ ಹಾಡಲು ಕರೆಯುವ ಪತ್ರಗಳು ಬಂದವು. ಅವರು ಪ್ರತಿಯೊಂದನ್ನೂ ನನ್ನ ಚೀಲದಲ್ಲಿ ವಡೋದರಾಕ್ಕೆ ಕಳಿಸಿದರು. ಗವಾಯಿಗಳು ರಜೆ ಹಾಕಿ ಹೋಗಿ ಹಾಡಿ ಬಂದರು. ಒಂದು ಸಲ ಅವರ ಹಾಡು ಕೇಳಿದ ಊರು ಎರಡನೆಯ ಸಲ ಮಂಜಲ್‌ಪುರದ ವಿಳಾಸಕ್ಕೇ ಬರೆಯಿತು. ಸಂಗೀತ ಶಾಲೆಯವರು ತಂಬೂರಿ ಕೇಳಲು ಮತ್ತೆ ಬಂದರು. ಹೋಗುವಾಗ ಗವಾಯಿಗಳನ್ನೇ ವಾರಕ್ಕೆ ಎರಡು ದಿನ ಕಲಿಸಲು ಒಪ್ಪಿಸಿಕೊಂಡು ಹೋದರು.

ಕಷ್ಟಕ್ಕೆ ಬಿದ್ದವರು ವಿಜ್ಞಾನಿಗಳು. ಎಲ್ಲಿ ಉಪನ್ಯಾಸ ಕೊಟ್ಟರೂ ಜನ ಕೊನೆಗೆ ಏಳುತ್ತಿರಲಿಲ್ಲ. "ಮಳೆ ಮೋಡ ಎಲ್ಲ ತಿಳೀತು ಸಾಹೇಬ್, ಈಗ ಒಂದು ಯಮನ್" ಅಂತ ಕೂತುಬಿಡುತ್ತಿದ್ದರು. ಎರಡು ಸಲ ಹಿಂಬಾಗಿಲಿನಿಂದ ತಪ್ಪಿಸಿಕೊಂಡರು. ಮೂರನೆಯ ಸಲದಿಂದ ಗವಾಯಿಗಳನ್ನು ಜೊತೆಗೇ ಕರೆದುಕೊಂಡು ಹೋಗತೊಡಗಿದರು.

ಸೂರತ್ತಿನ ಒಂದು ಕಾಲೇಜಿನವರು ಉಪನ್ಯಾಸಕ್ಕೆ ಏನೇನು ಬೇಕು ಅಂತ ಕೇಳಿ ಬರೆದಿದ್ದರು. ವಿಜ್ಞಾನಿಗಳ ಉತ್ತರವನ್ನು ನಾನೇ ಒಯ್ದು ಕೊಟ್ಟೆ. ಪ್ರಿನ್ಸಿಪಾಲರು ನನ್ನೆದುರಿಗೇ ಒಡೆದು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿದರು. ಸಂಸ್ಥೆಯ ಮುದ್ರೆಯಿದ್ದ ಹಾಳೆಯ ಮೇಲೆ ನೀಟಾಗಿ ಟೈಪ್ ಮಾಡಿತ್ತು:

"ಸ್ಲೈಡ್ ಪ್ರೊಜೆಕ್ಟರ್ - ಒಂದು. ಬಿಳಿ ಪರದೆ - ಒಂದು. ತಬಲಾ ಬಾರಿಸುವವರು - ಒಬ್ಬರು."