ಶನಿವಾರ ನನಗ ಆಗಂಗಿಲ್ಲ

ಮನೆಯಲ್ಲಿ ಎಲ್ಲರ ದಿನಕ್ಕೂ ಒಂದು ಬಾಗಿಲು, ಒಂದು ಚಿಲಕ ಇರುತ್ತದೆ. ಅಜ್ಜಿಯಾದವಳ ದಿನಕ್ಕೆ ಮಾತ್ರ ಇರುವುದಿಲ್ಲ. ಅದು ಪಡಸಾಲೆ ಇದ್ದ ಹಾಗೆ. ಯಾರು ಬೇಕಾದರೂ ಬಂದು ಏನು ಬೇಕಾದರೂ ಇಟ್ಟು ಹೋಗಬಹುದು. ವಾಷಿಂಗ್ ಮಷೀನ್ ರಿಪೇರಿಯವನು ಬರುವುದು ನನ್ನ ದಿನದಲ್ಲಿ, ಕೊರಿಯರ್ ಬರುವುದು ನನ್ನ ದಿನದಲ್ಲಿ, ಮೇಲಿನ ಮನೆಯವರು ಊರಿಗೆ ಹೋದರೆ ಅವರ ತುಳಸಿ ಗಿಡಕ್ಕೆ ನೀರು ಬೀಳುವುದೂ ನನ್ನ ದಿನದಲ್ಲೇ. ಮಗಳು ವೀಣಾ ಬ್ಯಾಂಕಿನಲ್ಲಿ ಆಫೀಸರು. ಅವಳು ಫೋನಿನಲ್ಲಿ ಯಾರಿಗೋ ಧಾರಾಳವಾಗಿ ಹೇಳುತ್ತಿರುತ್ತಾಳೆ: "ಯಾವಾಗ ಬೇಕಾದ್ರೂ ಕಳಸ್ರಿ, ನಮ್ಮವ್ವ ಮನ್ಯಾಗ ಇರ್ತಾಳ." ಇದು ನಾನು ಯಾವ ಊರಿನಲ್ಲಿದ್ದರೂ ನನ್ನ ಬಗ್ಗೆ ಹೇಳುವ ಮಾತು. ಈಗ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಇದನ್ನು ನಾನು ಫೋನಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಕಲಿಸಿದವಳು ಮೊಮ್ಮಗಳು ರಿಯಾ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಮಾತಾಡುವುದೂ ಅರ್ಧ ಗುಜರಾತಿಯಲ್ಲೇ. ಆದರೆ ಕನ್ನಡದ ಅಕ್ಷರಗಳು ಫೋನಿನೊಳಗೆ ಎಲ್ಲಿ ಅಡಗಿವೆ ಅಂತ ಅವಳಿಗೆ ಗೊತ್ತು. ನನಗೆ ಕನ್ನಡ ಗೊತ್ತು, ಅದು ಅಡಗಿರುವ ಜಾಗ ಗೊತ್ತಿರಲಿಲ್ಲ. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಹೆಂಗಸಾಗುತ್ತೇವೆ. ಒಂದೇ ಬೆರಳಿನಿಂದ ಕುಟ್ಟುತ್ತೇನೆ. ಮುಂದಿನ ಪದ ಯಾವುದೆಂದು ಫೋನೇ ಮೊದಲು ಊಹಿಸಿ ತೋರಿಸುತ್ತದೆ. ನನ್ನ ಬದಲು ಇನ್ನೊಬ್ಬರು ಮುಂಚೆಯೇ ನಿರ್ಧಾರ ಮಾಡುವುದು ನನಗೇನೂ ಹೊಸದಲ್ಲವಾದ್ದರಿಂದ ಬೇಗ ಹೊಂದಿಕೊಂಡೆ.

ಯಾಕೆಂದರೆ ನಮ್ಮ ಮನೆಯವರು ರೈಲ್ವೆಯಲ್ಲಿದ್ದರು. ನಮ್ಮ ಸಂಸಾರದಲ್ಲಿ ಪ್ಲಾನ್ ಮಾಡುವ ಕೆಲಸವನ್ನು ಹೆಡ್ಡಾಫೀಸು ನೋಡಿಕೊಳ್ಳುತ್ತಿತ್ತು. ನಾವು ಮಾಡಿದ ಪ್ಲಾನುಗಳು ಅದಕ್ಕೆ ಹೇಗೋ ಗೊತ್ತಾಗಿ, ತಕ್ಷಣ ಆರ್ಡರ್ ಕಳಿಸುತ್ತಿತ್ತು. ನಾನು ಮಾವಿನಕಾಯಿ ಉಪ್ಪಿನಕಾಯಿ ಹಾಕಿದರೆ ವರ್ಗವಾಯಿತೆಂದೇ ಲೆಕ್ಕ. ಗದಗಿನಲ್ಲಿ ಹಾಕಿದ ಉಪ್ಪಿನಕಾಯಿಯನ್ನು ಮೀರಜಿನಲ್ಲಿ ತಿಂದೆವು, ಮೀರಜಿನಲ್ಲಿ ಹಾಕಿದ್ದನ್ನು ಸೊಲ್ಲಾಪುರದಲ್ಲಿ. ಕೊನೆಗೆ ನಾನು ಭರಣಿ ತೊಳೆಯಲು ಕೂತರೆ ಪಕ್ಕದ ಕ್ವಾರ್ಟರ್ಸಿನವರು ಬೇಲಿಯ ಆಚೆಯಿಂದ, "ಏನ್ರೀ ನೀಲವ್ವಾರ, ಈ ಸಲ ಯಾವೂರು?" ಅಂತ ಕೇಳುತ್ತಿದ್ದರು. ಹೀಗೆ ಬದುಕಿದವರು ಮುಂದಿನದನ್ನು ಯೋಚಿಸುವುದನ್ನೇ ಬಿಡುತ್ತಾರೆ. "ನೋಡೂಣಂತ" ಅನ್ನುವ ಒಂದು ಮಾತು ನಾಲಿಗೆಯ ತುದಿಯಲ್ಲಿ ಕಾಯಂ ಆಗಿ ಕೂರುತ್ತದೆ.

ಮಗನಿಗೆ ವರ್ಗವಾದಲ್ಲೆಲ್ಲ ಹೋಗುವ ಗಂಗಕ್ಕನದೂ ಇದೇ ಕಥೆ. ಗಂಗಕ್ಕ ನಮ್ಮ ವಿಜಯಪುರದ ಕಡೆಯವಳು, ನನಗಿಂತ ಸ್ವಲ್ಪ ದೊಡ್ಡವಳು. ಅವಳ ಮಗ ಬಸವರಾಜ ವಡೋದರಾದ ಹತ್ತಿರ ಕೊಯಾಲಿಯ ರಿಫೈನರಿಯಲ್ಲಿ ಎಂಜಿನಿಯರು, ಅಲ್ಲೇ ಟೌನ್‌ಶಿಪ್ಪಿನಲ್ಲಿ ಮನೆ. ಒಂದು ಕನ್ನಡ ಮದುವೆಯ ಊಟದಲ್ಲಿ ಪಕ್ಕಪಕ್ಕ ಕೂತು ಪರಿಚಯವಾಯಿತು. ಬಡಿಸಿದ ಸಾರಿನಲ್ಲಿ ಸಕ್ಕರೆ ಇದೆಯೆಂದು ಇಬ್ಬರೂ ಒಟ್ಟಿಗೇ ಮುಖ ಕಿವುಚಿದೆವು. ಸ್ನೇಹಕ್ಕೆ ಇನ್ನೇನು ಬೇಕು? ಅಂದಿನಿಂದ ದಿನವೂ ಫೋನು.

ಅವಳೇ ನನಗೆ ಹೇಳಿದ್ದು, ಸೂರತ್‌ನಲ್ಲಿ ಸೀತನಿ ಸಿಗುತ್ತದೆ ಅಂತ. ಸೀತನಿ ಅಂದರೆ ಎಳೆ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಬಿಡಿಸಿದ ಹಸಿರು ಕಾಳು. ನಮ್ಮ ಕಡೆ ಹೊಲದಲ್ಲೇ ಕೂತು ತಿನ್ನುತ್ತಿದ್ದೆವು. ಸೂರತ್‌ನವರು ಅದಕ್ಕೆ ಪೋಂಕ್ ಅನ್ನುತ್ತಾರೆ, ಚಳಿಗಾಲದಲ್ಲಿ ಸಾಲಾಗಿ ಅಂಗಡಿ ಹಾಕಿ ಮಾರುತ್ತಾರೆ. ಇದನ್ನು ಕೇಳಿದ ದಿನ ನನಗೆ ಮಧ್ಯಾಹ್ನದ ನಿದ್ದೆ ಬರಲಿಲ್ಲ. "ಹೋಗೂಣು ಗಂಗಕ್ಕಾ" ಅಂದೆ. "ಹೋಗೂಣು, ಅದಕ್ಕೇನ, ನೋಡೂಣಂತ" ಅಂದಳು. ನೋಡುತ್ತಾ ನೋಡುತ್ತಾ ಚಳಿಗಾಲ ಹೋಯಿತು. ಮರುವರ್ಷ ಮನಸ್ಸು ಬಂದ ಒಂದು ಭಾನುವಾರ ಸ್ಟೇಷನ್ನಿಗೇ ಹೋಗಿ ನಿಂತೆ. ಜನರಲ್ ಡಬ್ಬಿಯ ಬಾಗಿಲಲ್ಲಿ ನೇತಾಡುತ್ತಿದ್ದವರನ್ನು ನೋಡಿ, ಒಂದು ಚಹಾ ಕುಡಿದು, ಆಟೋ ಹಿಡಿದು ವಾಪಸು ಬಂದೆ. ಅದರ ಮರುವರ್ಷ ಹೋಳಿ ಆದಮೇಲೆ ಅಳಿಯ ಆಫೀಸಿನ ಕೆಲಸಕ್ಕೆ ಸೂರತ್‌ಗೆ ಹೊರಟಾಗ ನಾನೂ ಕಾರು ಹತ್ತಿದೆ, ದಾರಿಯಲ್ಲಿ ಗಂಗಕ್ಕನನ್ನೂ ಹತ್ತಿಸಿಕೊಂಡೆವು. ಅಂಗಡಿಗಳಿದ್ದ ಜಾಗದಲ್ಲಿ ಐಸ್ ಗೋಲಾ ಮಾರುತ್ತಿದ್ದರು. ಕಡುಗೆಂಪು ಗೋಲಾ ಚೀಪುತ್ತಾ ನಿಂತ ಗಂಗಕ್ಕ ಹೇಳಿದಳು, "ಜ್ವಾಳ ನಮ್ಮ ಹಂಗ ಅಲ್ಲ ನೀಲಾ, ಕಾಯಂಗಿಲ್ಲ ಅದು."

ನಮ್ಮ ಎದುರು ಮನೆಯ ಹಂಸಾಬೆನ್ ಇದನ್ನು ಕೇಳಿ ಹಣೆ ಚಚ್ಚಿಕೊಂಡಳು. ಅವಳದು ಬೇರೆಯೇ ಲೋಕ. ದೀಪಾವಳಿ ರಜೆಗೆ ರಾಖಿ ಹಬ್ಬದ ಮುಂಚೆಯೇ ಟಿಕೆಟು, ಹೊರಡುವ ಹಿಂದಿನ ವಾರದಿಂದ ಥೇಪ್ಲಾ, ಖಾಖರಾ, ಸುಖಡಿ ಅಂತ ಬುತ್ತಿ ತಿಂಡಿಗಳ ಡಬ್ಬಿಗಳ ಮೆರವಣಿಗೆ. ಮೊದಮೊದಲು ನಾನು ನಗುತ್ತಿದ್ದೆ: "ಇವರು ತಿರುಗಾಡಲು ಹೋಗುತ್ತಾರೋ, ದಂಡೆತ್ತಿ ಹೋಗುತ್ತಾರೋ?" ಅಂತ. ಆದರೆ ಒಂದು ಗಮನಿಸಿದ್ದೆ. ಹೋಗುವ ಎಷ್ಟೋ ದಿನ ಮೊದಲಿನಿಂದಲೇ ಹಂಸಾಬೆನ್ ಲಿಫ್ಟಿನಲ್ಲಿ ಹಾಡು ಗುನುಗುತ್ತಾ ನಿಂತಿರುತ್ತಿದ್ದಳು. ನಾವು ಒಂದು ದಿನ ತಿರುಗಾಡಿದರೆ ಒಂದು ದಿನದ ಖುಷಿ. ಅವಳಿಗೆ ಅದೇ ಒಂದು ದಿನಕ್ಕೆ ಒಂದು ಋತುವಿನಷ್ಟು ಖುಷಿ.

ಕಳೆದ ನವರಾತ್ರಿಯಲ್ಲಿ ಗಂಗಕ್ಕನ ಫೋನು ಬಂತು. ದನಿ ಸಣ್ಣಗಿತ್ತು. "ಬಸೂಗ ಅಸ್ಸಾಮಿಗೆ ಹಾಕ್ಯಾರವಾ. ಸಂಕ್ರಾಂತಿ ಆದಮ್ಯಾಲೆ ಮನಿ ಖಾಲಿ." ನನಗೆ ಮೊದಲು ಬಾಯಿಗೆ ಬಂದದ್ದು, ಉಪ್ಪಿನಕಾಯಿ ಏನಾದರೂ ಹಾಕಿದ್ದೆಯಾ ಅಂತ. ಕೇಳಿಯೂಬಿಟ್ಟೆ. ಇಬ್ಬರೂ ನಕ್ಕೆವು. ಈ ಚಳಿಗಾಲ ತಪ್ಪಿದರೆ ಮುಂದೆ ಇಬ್ಬರೂ ಸೇರಿ ಸೀತನಿ ತಿನ್ನುವುದಿಲ್ಲ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅಂದೇ ಸಂಜೆ ಹಂಸಾಬೆನ್ ಮನೆಯ ಬಾಗಿಲು ತಟ್ಟಿದೆ. ಅವಳು ಕನ್ನಡಕ ಹಾಕಿಕೊಂಡು, ಉತ್ತರಾಯಣದ ಗಾಳಿಪಟದ ಗದ್ದಲವೆಲ್ಲ ಮುಗಿದ ಮೇಲಿನ ಒಂದು ಶನಿವಾರ ಆರಿಸಿದಳು. ಬುಕಿಂಗ್ ತೆರೆದ ದಿನ ಬೆಳಿಗ್ಗೆಯೇ ಎದುರು ಮನೆಯಿಂದ ಕೂಗು: "ಮಾಸೀ, ಟಿಕಿಟ್ ಲೀಧೀ ಕೆ ನಹೀಂ?" ತಗೊಂಡೆಯೋ ಇಲ್ಲವೋ ಅಂತ. ರಿಯಾ ತೋರಿಸಿದ ಹಾಗೆ ನಾನೇ ಒತ್ತಿದೆ. ಒಂದೇ ರೈಲು. ನಾನು ಅಹಮದಾಬಾದಿನಲ್ಲಿ ಹತ್ತುವುದು, ಗಂಗಕ್ಕ ವಡೋದರಾದಲ್ಲಿ ಹತ್ತಿ ನನ್ನ ಪಕ್ಕ ಕೂರುವುದು.

ಆಮೇಲಿನ ದಿನಗಳ ಬಗ್ಗೆ ಏನು ಹೇಳಲಿ! ಫೋನಿನಲ್ಲಿ ಮಂಡಿನೋವಿನ ಮಾತೇ ನಿಂತುಹೋಯಿತು. ಯಾವ ಸೀರೆ, ಕಾಲುಚೀಲ ಬೇಕೋ ಬೇಡವೋ, ಸೂರತ್‌ನವರು ಕೊಡುವ ನಿಂಬೆಹುಳಿಯ ಸೇವ್ ಜೊತೆ ತಿನ್ನುವುದೋ, ನಮ್ಮ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಒಯ್ಯುವುದೋ, ಕಿಟಕಿಯ ಸೀಟು ಹೋಗುವಾಗ ಯಾರಿಗೆ, ಬರುವಾಗ ಯಾರಿಗೆ. ಊಟದ ಹೊತ್ತಿನಲ್ಲಿ ರಿಯಾ ಕೇಳುತ್ತಿದ್ದಳು, "ಅಜ್ಜಿ, ಯಾಕ ಒಬ್ಬಾಕಿನ ನಗಾಕತ್ತೀ?" "ಸೂರತ್‌ನಾಗ ಇದ್ದೀನಿ, ಈಗ ಮಾತಾಡಸಬ್ಯಾಡ" ಅನ್ನುತ್ತಿದ್ದೆ.

ಹೊರಡುವ ವಾರ ಬಂತು. ಮಂಗಳವಾರ ಗಂಗಕ್ಕನ ಫೋನು.

"ನೀಲಾ, ಸಾಮಾನಿನ ಲಾರಿ ಶನಿವಾರನ ಬರ್ತೈತಂತವಾ."

"ನೀ ಏನಂದಿ?"

"ನಾ ಏನನ್ಲಿ? ಅವ್ವ ಇರ್ತಾಳ, ನಿಂತು ಪ್ಯಾಕ್ ಮಾಡಸ್ತಾಳ ಅಂತ ಬಸು ಮದಲ ಮಾತಾಡಿಬಿಟ್ಟಾನ. ನಮ್ಮ ಸಲುವಾಗಿ ಲಾರಿ ನಿಂದ್ರತೈತೇನು?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಸವರಾಜನ ಮೇಲಲ್ಲ, ಪಾಪ, ಅವನು ಒಳ್ಳೆಯ ಹುಡುಗ. ಚಿಲಕವಿಲ್ಲದ ನಮ್ಮ ದಿನಗಳ ಮೇಲೆ. ಸಿಟ್ಟು ಬಂದರೆ ನನಗೆ ಸುಳ್ಳು ಬಹಳ ಚೆನ್ನಾಗಿ ಬರುತ್ತದೆ. "ಗಂಗಕ್ಕಾ, ಅದು ಅಂಥಿಂಥ ಸೀಟಲ್ಲ. ನಿನ್ನ ಹೆಸರು, ನಿನ್ನ ವಯಸ್ಸು ತಗೊಂಡು ಸರಕಾರ ನಿನಗಂತ ಇಟ್ಟ ಸೀಟು. ಹೋಗಿ ಕೂಡಲಿಲ್ಲಂದ್ರ ಸರಕಾರ ಕೇಳತೈತಿ" ಅಂದೆ.

"ಕೇಳತೈತೇನ?" ಅಂದಳು.

"ಕೇಳದ ಬಿಡತೈತೇನು? ಮುದುಕ್ಯಾರು ಅಂತ ಸುಮ್ಮನಿರಂಗಿಲ್ಲ."

ಅವಳು "ಹೌದಾ?" ಅಂದು ಫೋನು ಇಟ್ಟಳು. ಬುಧವಾರ ಫೋನು ಎತ್ತಲಿಲ್ಲ. ಗುರುವಾರವೂ ಇಲ್ಲ, ಶುಕ್ರವಾರವೂ ಇಲ್ಲ. ಹಂಸಾಬೆನ್ ತಂದುಕೊಟ್ಟ ಥೇಪ್ಲಾ ಡಬ್ಬಿ ಹಿಡಿದುಕೊಂಡು ಶನಿವಾರ ಒಬ್ಬಳೇ ರೈಲು ಹತ್ತಿದೆ. ಪಕ್ಕದ ಸೀಟಿನಲ್ಲಿ ಯಾರೂ ಕೂರದ ಹಾಗೆ ನನ್ನ ಚೀಲ ಇಟ್ಟೆ. ಯಾರಾದರೂ ನೋಡಿದರೆ ಸಾಕು, "ನಮ್ಮವರು ಬರ್ತಾರೆ" ಅಂತ ಹಿಂದಿಯಲ್ಲಿ ಹೇಳುತ್ತಿದ್ದೆ. ಆನಂದ್ ದಾಟಿದ ಮೇಲೆ ಹೇಳುವ ಧೈರ್ಯ ಕಡಿಮೆಯಾಯಿತು.

ವಡೋದರಾ ಪ್ಲಾಟ್‌ಫಾರ್ಮಿನಲ್ಲಿ ಬಾಗಿಲಿಗೆ ಬಂದು ನಿಂತು ಕತ್ತು ಉದ್ದ ಮಾಡಿದೆ. ಜನವೋ ಜನ, ಗಂಗಕ್ಕ ಇಲ್ಲ. ಇನ್ನೇನು ರೈಲು ಬಿಡುತ್ತದೆ ಅನ್ನುವಾಗ ಹಸಿರು ಇಳಕಲ್ ಸೀರೆಯೊಂದು ಗುಂಪನ್ನು ಸೀಳಿಕೊಂಡು ಬಂತು. ಹಿಂದೆ ಚೀಲ ಹೊತ್ತ ಬಸವರಾಜ. ಅವ್ವನನ್ನು ಮೇಲೆ ಹತ್ತಿಸಿ, ಏದುಸಿರು ಬಿಡುತ್ತಾ ಹೇಳಿದ: "ಚಿಗವ್ವಾ, ಲಾರಿಯವಗ ನಾಳೆ ಬಾ ಅಂದೀನಿ. ಸೀಟಿಗೆ ಹೋಗದಿದ್ರ ಸರಕಾರ ಹಿಡೀತೈತಿ ಅಂತ ಮೂರ್ಹೊತ್ತೂ ಅದ ಜಪ. ಯಾರು ಹೇಳಿದ್ರೋ ಏನೋ!" ನಾನು ಪ್ಲಾಟ್‌ಫಾರ್ಮಿನ ಆಚೆ ಬಹಳ ಗಂಭೀರವಾಗಿ ನೋಡಿದೆ.

ರೈಲು ಹೊರಟ ಮೇಲೆ ಫೋನು ಯಾಕೆ ಎತ್ತಲಿಲ್ಲ ಅಂತ ಬೈದೆ. ಬಾಕ್ಸಿಗೆ ತುಂಬಿದ ಸಾಮಾನಿನ ಜೊತೆ ಅವಳ ಫೋನನ್ನೂ ಯಾರೋ ಕಟ್ಟಿಬಿಟ್ಟಿದ್ದರಂತೆ. ಆಮೇಲೆ ಮೆಲ್ಲಗೆ ಕೇಳಿದೆ, "ಅಕ್ಕಾ, ಸರಕಾರದ ಮಾತು ನಂಬಿದೇನು?"

ಅವಳು ಸೆರಗು ಸರಿಮಾಡಿಕೊಂಡಳು. "ಹುಚ್ಚಿ ಇದ್ದೀನೇನು ನಾ? ನನಗ ಹೋಗಬೇಕನಸ್ತೈತಿ ಅಂತಂದಿದ್ರ ಯಾರ ಕೇಳ್ತಿದ್ರು? ಸರಕಾರ ಅಂದಕೂಡ್ಲೆ ಎಲ್ಲಾರೂ ಕೇಳಿದ್ರು." ಆಮೇಲೆ ಸೇರಿಸಿದಳು, "ಶನಿವಾರ ನನಗ ಆಗಂಗಿಲ್ಲ ಅಂದೆ ನೋಡು ನೀಲಾ. ಹಿಂಗ ಅಂದಿದ್ದು ಇದ ಮೊದಲ್ನೇ ಸಲ. ಬಾಯಿಗೆ ಎಷ್ಟ ಚಲೋ ಅನಿಸ್ತು ಗೊತ್ತೇನು!"

ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಮುಂಚೆಯೇ ಪ್ಲಾನ್ ಮಾಡಿದರೆ ಸೀಟು ಸಿಗುತ್ತದೆ, ಗದ್ದಲ ತಪ್ಪುತ್ತದೆ ಅಂತ ಹಂಸಾಬೆನ್ ಹೇಳುವುದೆಲ್ಲ ನಿಜವೇ. ಆದರೆ ಅದಕ್ಕಿಂತ ದೊಡ್ಡದು ಇದು: ಪ್ಲಾನ್ ಇರುವವರ ದಿನಕ್ಕೆ ಚಿಲಕ ಇರುತ್ತದೆ. ಒಳಗಿನಿಂದ ಹಾಕಿಕೊಳ್ಳುವ ಚಿಲಕ.

ಇಷ್ಟೆಲ್ಲ ಮಾಡಿದ ನಾವು ಒಂದು ಕಡೆ ಎಡವಿದೆವು. ರೈಲಿನಲ್ಲಿ ಕೂತ ಮೇಲೆ ಬುತ್ತಿ ಬಿಚ್ಚದೆ ಇರುವುದು ನಮ್ಮ ಕಡೆಯವರಿಗೆ ಆಗುವ ಮಾತಲ್ಲ. ಗಂಗಕ್ಕ ಖಡಕ್ ರೊಟ್ಟಿ, ಎಣ್ಣೆಗಾಯಿ, ಮೊಸರನ್ನ ತಂದಿದ್ದಳು. ನನ್ನದು ಚಪಾತಿ, ಪಲ್ಯ, ಜೊತೆಗೆ ಹಂಸಾಬೆನ್ ಥೇಪ್ಲಾ. ಭರೂಚದಲ್ಲಿ ನರ್ಮದೆ ದಾಟುವಾಗ ಇಬ್ಬರೂ ತೇಗಿದೆವು. ಆಗ ನೆನಪಾಯಿತು, ನಾವು ಹೊರಟಿರುವುದು ತಿನ್ನಲಿಕ್ಕೆ!

ಸೂರತ್‌ನಲ್ಲಿ ಇಳಿದು, ತುಂಬಿದ ಹೊಟ್ಟೆ ಹೊತ್ತುಕೊಂಡೇ ಪೋಂಕಿನ ಅಂಗಡಿಯ ಮುಂದೆ ಕೂತೆವು. ಬಿಸಿ ಹಸಿರು ಕಾಳು ಎಲೆಯ ದೊನ್ನೆಯಲ್ಲಿ ಬಂತು. ಗಂಗಕ್ಕ ಸೊಂಟದ ಸಂಚಿಯಿಂದ ಬೆಲ್ಲದ ಚೂರು, ಶೇಂಗಾ ಹಿಂಡಿ ತೆಗೆದಳು. ಒಂದು ಹಿಡಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ನಾನೂ ಹಾಕಿಕೊಂಡೆ. ಜಾಗ ಇರಲಿಲ್ಲ, ಆದರೂ ಹಿಡಿಸಿತು. ಅಂಗಡಿಯವನು ಇನ್ನಷ್ಟು ಹಾಕಲೇ ಅಂತ ಬಂದಾಗ ಗಂಗಕ್ಕ ಕಣ್ಣು ಮುಚ್ಚಿಕೊಂಡೇ ದೊನ್ನೆ ಮುಂದೆ ಹಿಡಿದಳು.

ಈಗ ಅವಳು ಅಸ್ಸಾಮಿನಲ್ಲಿದ್ದಾಳೆ. ನಿನ್ನೆ ಫೋನಿನಲ್ಲಿ, "ಮುಂದಿನ ಥಂಡ್ಯಾಗ ಬಾ ಅಕ್ಕಾ" ಅಂದೆ. "ನೋಡೂಣಂತ" ಅಂದಳು. "ನೋಡೂಣಂತ ಅನಬ್ಯಾಡ, ತಾರೀಖ ಹೇಳು" ಅಂತ ಗದರಿದೆ. ಹೇಳಿದಳು. ಬುಕಿಂಗ್ ಇನ್ನೂ ತೆರೆದಿಲ್ಲ, ಆದರೆ ಅವಳು ಆಗಲೇ ಸೀರೆಯ ಮಾತು ಶುರುಮಾಡಿದಳು.

ನನಗಂತೂ ಚಿಲಕದ ರುಚಿ ಹತ್ತಿಬಿಟ್ಟಿದೆ. ಮೊನ್ನೆ ವೀಣಾ, "ಅವ್ವಾ, ಗುರುವಾರ ನೀರಿನ ಫಿಲ್ಟರಿನವಾ ಬರ್ತಾನ, ನೀ ಇರ್ತಿಯಲ್ಲ?" ಅಂದಳು. "ಗುರುವಾರ ನನಗ ಆಗಂಗಿಲ್ಲ, ಪ್ಲಾನ್ ಐತಿ" ಅಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಅರ್ಧ ದಿನ ರಜೆ ಹಾಕಿದಳು. ಇವತ್ತೇ ಆ ಗುರುವಾರ. ನಾನು ಕೋಣೆಯ ಬಾಗಿಲು ಹಾಕಿಕೊಂಡು ಮಲಗಿ ಇದನ್ನು ಟೈಪ್ ಮಾಡುತ್ತಿದ್ದೇನೆ. ಹೊರಗೆ ಫಿಲ್ಟರಿನವನು, ನೀರು ಬಂದ್ ಮಾಡುವ ವಾಲ್ವ್ ಎಲ್ಲಿ ಅಂತ ಕೇಳುತ್ತಿದ್ದಾನೆ. ವೀಣಾ ಸಿಂಕಿನ ಕೆಳಗೆ ಹುಡುಕುತ್ತಿದ್ದಾಳೆ. ಅಲ್ಲಿಲ್ಲ ಅದು, ಬಾಲ್ಕನಿಯಲ್ಲಿ ಬಕೆಟ್ಟಿನ ಹಿಂದೆ ಇದೆ. ಈಗ ಬಚ್ಚಲಮನೆಯಲ್ಲಿ ಹುಡುಕುತ್ತಿದ್ದಾಳೆ. ನಾನು ಎರಡು ಸಲ ಎದ್ದು ಎರಡು ಸಲ ಮಲಗಿದೆ. ಇನ್ನು ತಡೆಯಲಾರೆ, ಹೋಗಿ ತೋರಿಸಿ ಬರುತ್ತೇನೆ. ಅಷ್ಟಕ್ಕೇ ನನ್ನ ಪ್ಲಾನೇನೂ ಕೆಡುವುದಿಲ್ಲ. ಕೆಡಲು ಅದು ಇದ್ದರೆ ತಾನೇ?