ಗುರುತಿಟ್ಟ ಪುಸ್ತಕ ಮಾರುವಂತಿಲ್ಲ

"ಇವತ್ತು ಸಂಜೆಯೊಳಗೆ ಒಂದೇ ಒಂದು ಪುಸ್ತಕ ಮಾರಿ. ಇಲ್ಲಾಂದ್ರೆ ನಾಳೆಯಿಂದ ಆ ಕಪಾಟುಗಳಲ್ಲಿ ನನ್ನ ತಮ್ಮ ಮಾರೋ ಬೂಟು ಕೂರ್ತವೆ," ಎಂದು ಹೆಂಡತಿ ಬೆಳಿಗ್ಗೆ ತಟ್ಟೆ ಮುಂದಿಟ್ಟು ಹೇಳಿದಾಗ, ಸಾಹುಕಾರ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ.

ಸಾಹುಕಾರ ಎಂಬ ಹೆಸರು ಅಂಗಡಿಯ ಜೊತೆ ತಾತನಿಂದ ಬಂದದ್ದು. ಸಾಹುಕಾರಿಕೆ ಮಾತ್ರ ದಾರಿಯಲ್ಲೆಲ್ಲೋ ಉಳಿದುಕೊಂಡಿತ್ತು. ತೊಂಬತ್ತು ವರ್ಷದ ಆ ಪುಸ್ತಕದಂಗಡಿಯಲ್ಲಿ ತಾತ ಒಂದು ಉದ್ದನೆಯ ಬೆಂಚನ್ನೂ ಅದರ ಮೇಲೊಂದು ಹಲಗೆಯನ್ನೂ ಬಿಟ್ಟುಹೋಗಿದ್ದ. ಹಲಗೆಯಲ್ಲಿ ಹೀಗಿತ್ತು: 'ಕೂತು ಓದಿ. ಗುರುತಿಟ್ಟು ಹೋಗಿ. ಗುರುತಿರುವ ಪುಸ್ತಕವನ್ನು ಓದುಗರು ಮುಗಿಸುವ ತನಕ ಮಾರುವುದಿಲ್ಲ.'

ತಾತ ಹೋದ, ಗುರುತುಗಳು ಬೆಳೆದವು. ಟೈಲರನ ದಾರ, ಕ್ಷೌರದವನ ಮುರಿದ ಬಾಚಣಿಗೆ, ನಿವೃತ್ತ ಮೇಷ್ಟ್ರ ಔಷಧಿ ಚೀಟಿ. ಅಲ್ಲಿ ಗುರುತಿಲ್ಲದ ಪುಸ್ತಕ ಹುಡುಕುವುದೆಂದರೆ ಬೋಳುತಲೆಯಲ್ಲಿ ಹೇನು ಹುಡುಕಿದಂತೆ.

ಹನ್ನೊಂದು ಗಂಟೆಗೆ ಚೀಲ ಹೊತ್ತ ಪ್ರಯಾಣಿಕನೊಬ್ಬ ಬಂದ.

"ದಪ್ಪಗಿರೋದು ಯಾವುದಾದ್ರೂ ಒಂದು ಕೊಡಿ. ಬಸ್ಸು ದೂರದ್ದು."

ಸಾಹುಕಾರ ಒಂದು ರಾಜರ ಕತೆ ಎಳೆದ. ಬೆಂಚಿನಿಂದ ಟೈಲರ್ ಎದ್ದ.

"ಅದರಲ್ಲಿ ನನ್ನ ದಾರ ಇದೆ ಸಾಹುಕಾರ್ರೇ. ಈಗ ತಾನೇ ಕೋಟೆ ಬಾಗಿಲು ಹಾಕಿದಾರೆ. ನನ್ನನ್ನ ಹೊರಗೆ ನಿಲ್ಲಿಸಿ ಮಾರ್ತೀರಾ?"

ಸಾಹುಕಾರ ಇನ್ನೊಂದಕ್ಕೆ ಕೈಹಾಕಿದ. ಮೇಷ್ಟ್ರು ಕೆಮ್ಮಿದರು. "ಅದು ನಂದು. ನಾಲ್ಕು ವರ್ಷದಿಂದ ಓದ್ತಿದೀನಿ."

"ನಾಲ್ಕು ವರ್ಷಕ್ಕೆ ಇಪ್ಪತ್ತೇ ಪುಟನಾ ಮೇಷ್ಟ್ರೇ?"

"ಒಳ್ಳೇದನ್ನ ಅಗಿದು ತಿನ್ಬೇಕು ಕಣಯ್ಯ."

ಮೂರನೆಯದರಲ್ಲಿ ಬಾಚಣಿಗೆ ಇತ್ತು. ಕ್ಷೌರದವನು ಅಲ್ಲಿರಲಿಲ್ಲ. ಸಾಹುಕಾರ ಅದನ್ನು ಮೆಲ್ಲಗೆ ಜೇಬಿಗಿಳಿಸಿದ.

"ಇಳಿಸು, ಇಳಿಸು," ಎಂದರು ಮೇಷ್ಟ್ರು. "ಬರೋ ವಾರ ಅವನ ಕತ್ತಿ ಕೆಳಗೆ ಕುತ್ತಿಗೆ ಇಡೋನು ನೀನೇ."

ಬಾಚಣಿಗೆ ಸ್ವಸ್ಥಾನ ಸೇರಿತು.

ಕೊನೆಗೆ ಸಾಹುಕಾರ ಏಣಿ ಹತ್ತಿ, ಮೇಲಟ್ಟದಿಂದ ಒಂದು ದಪ್ಪ ಕಾದಂಬರಿಯನ್ನು ಕೆಳಗಿಳಿಸಿ ಊದಿದ. ಧೂಳಿಗೆ ನಾಲ್ವರೂ ಸೀನಿದರು. ಒಳಗೆ ಮಾಸಿದ ಕೆಂಪು ರಿಬ್ಬನ್ ಇತ್ತು. ಯಾರದೆಂದು ಯಾರಿಗೂ ಗೊತ್ತಿರಲಿಲ್ಲ.

"ಹತ್ತು ಹನ್ನೆರಡು ವರ್ಷದ ಧೂಳು. ಓದೋರು ಊರು ಬಿಟ್ಟಿರ್ಬೇಕು," ಎಂದ ಟೈಲರ್.

"ಮಾರು," ಎಂದು ಮೇಷ್ಟ್ರು ತೀರ್ಪಿತ್ತರು.

ಪುಸ್ತಕ ಮೆಟ್ಟಿಲಿಳಿದು ಹೋಯಿತು. ಸಾಹುಕಾರ ರಿಬ್ಬನ್ನನ್ನು ಗೆದ್ದ ಪೈಲ್ವಾನನಂತೆ ಮಣಿಕಟ್ಟಿಗೆ ಸುತ್ತಿಕೊಂಡ.

ಆಗಲೇ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಮದುವೆಯಾದ ಹನ್ನೆರಡು ವರ್ಷದಲ್ಲಿ ಅವಳು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

"ಮಾರಿದೆ ಕಣೇ," ಎಂದು ಸಾಹುಕಾರ ಕೈಯೆತ್ತಿ ತೋರಿಸಿದ.

ಅವಳ ಕಣ್ಣು ಆ ಕೈಯಲ್ಲೇ ನಿಂತಿತು. "ಇದು ನನ್ನ ರಿಬ್ಬನ್ನು."

ಬೆಂಚಿನಲ್ಲಿದ್ದವರು ಪುಸ್ತಕ ಕೆಳಗಿಟ್ಟರು.

"ಎಂಬತ್ತನಾಲ್ಕನೇ ಪುಟ. ಕತೆಯ ಹುಡುಗಿ ಬಾವಿಕಟ್ಟೆ ಮೇಲೆ ಕೂತು ಕಾಗದ ಒಡೀತಿದ್ಲು. ಅಷ್ಟರಲ್ಲಿ ಇದೇ ಬೆಂಚಿನ ಹತ್ರ ನಿಮ್ಮಪ್ಪ ಬಂದು, 'ನಮ್ಮ ಹುಡುಗನ್ನ ಮದುವೆ ಆಗ್ತೀಯೇನಮ್ಮಾ' ಅಂದ್ರು. ಆಮೇಲೆ ನನಗೆ ಪುರುಸೊತ್ತು ಎಲ್ಲಿತ್ತು?" ಮೆತ್ತಗಾಗಿದ್ದ ದನಿ ಥಟ್ಟನೆ ಗಟ್ಟಿಯಾಯಿತು. "ಪುಸ್ತಕ ಎಲ್ಲಿ?"

"ಮಾರು ಅಂದಿದ್ದು ನೀನೇ ಅಲ್ವೇನೇ?"

"ನನ್ನದನ್ನ ಮಾರಿ ಅಂದ್ನಾ? ನಿಮ್ಮ ತಾತನ ಹಲಗೆ ಓದೋಕೆ ಬರಲ್ವಾ ನಿಮಗೆ?"

ಸಾಹುಕಾರ ಚಪ್ಪಲಿ ಕೈಯಲ್ಲಿ ಹಿಡಿದು ಬಸ್ ನಿಲ್ದಾಣಕ್ಕೆ ಓಡಿದ. ಬಸ್ಸಿನ ಕಿಟಕಿಯಲ್ಲಿ ಪ್ರಯಾಣಿಕ ಪುಸ್ತಕದೊಳಗೆ ಮೂಗಿನವರೆಗೂ ಮುಳುಗಿದ್ದ.

"ಕೊಡಲ್ಲ ರೀ. ಒಂಬತ್ತನೇ ಪುಟದಲ್ಲಿದೀನಿ."

ಸಾಹುಕಾರ ರಿಬ್ಬನ್ನಿನ ಕತೆ, ಬೂಟಿನ ವ್ಯಥೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಪ್ರಯಾಣಿಕ ಚೀಲ ಹೊತ್ತು ಕೆಳಗಿಳಿದ. ಬಸ್ಸು ಹೊರಟುಹೋಯಿತು. ಅವನು ದುಡ್ಡು ವಾಪಸ್ಸು ಪಡೆದು, ಒಂಬತ್ತನೇ ಪುಟಕ್ಕೆ ಟಿಕೀಟು ಸಿಕ್ಕಿಸಿ, "ನಡೀರಿ. ನಿಮ್ಮ ಬೆಂಚಲ್ಲೇ ಓದ್ತೀನಿ," ಎಂದ.

ಅಂಗಡಿಯಲ್ಲಿ ಹೆಂಡತಿ ಸಾಹುಕಾರನ ಕುರ್ಚಿಯಲ್ಲಿ ಕೂತಿದ್ದಳು. ಪುಸ್ತಕ ಕೈಗೆ ಬಂದದ್ದೇ, ಹಿಂದಿನದೆಲ್ಲ ಮರೆತುಹೋಗಿದೆಯೆಂದು ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದಳು. ಬೆಂಚು ಕೈಕಟ್ಟಿ ಕೇಳಿತು. ಕೇಳುತ್ತ ಕೇಳುತ್ತ ಟೈಲರ್ ಊಟದ ಡಬ್ಬಿಯನ್ನು ಖಾಲಿ ಮಾಡಿದ.

ಸಂಜೆ ಭಾವಮೈದ ಬೂಟಿನ ಡಬ್ಬಗಳನ್ನು ಹೊತ್ತು ಬಂದ. "ಅಕ್ಕಾ, ಎಲ್ಲಿಡ್ಲಿ?"

"ಶ್. ಕೂತ್ಕೋ."

ದೀಪ ಹಚ್ಚುವ ಹೊತ್ತಿಗೆ ಅವಳು ರಿಬ್ಬನ್ ಇಟ್ಟು ಪುಸ್ತಕ ಮುಚ್ಚಿದಳು. ಹಸಿದ ಸಾಹುಕಾರ ಹತ್ತಿರ ಬಂದ.

"ಒಂದೂ ಹೋಗ್ಲಿಲ್ಲ ಕಣೇ. ನಾಳೆಯಿಂದ ಬೂಟೇನಾ?"

"ನಾನು ಮುಗಿಸೋ ತನಕ ಕಪಾಟು ಮುಟ್ಟೋ ಹಾಗಿಲ್ಲ. ಬೂಟು ಬೇಕಾದ್ರೆ ಬಾಗಿಲ ಹತ್ರ ನೆಲದ ಮೇಲಿಟ್ಟು ಮಾರ್ಕೊಳ್ಳಿ."

ಸಾಹುಕಾರನ ಮುಖ ಅರಳಿತು. ಅಂತೂ ಮಾರಲು ಏನೋ ಒಂದು ಸಿಕ್ಕಿತು. ತಿರುಗಿ ನೋಡಿದರೆ ಭಾವಮೈದ ಬೆಂಚಿನ ತುದಿಯಲ್ಲಿ ಒಂದು ಪತ್ತೇದಾರಿ ಪುಸ್ತಕ ಹಿಡಿದು, ಹೊಸ ಬೂಟೊಂದರ ಲೇಸನ್ನು ಸರಸರನೆ ಎಳೆಯುತ್ತಿದ್ದ.

"ಭಾವ, ಹನ್ನೊಂದನೇ ಪುಟ," ಎಂದು ಲೇಸನ್ನು ಪುಟದ ನಡುವೆ ಇಟ್ಟ. "ಇದನ್ನ ಯಾರಿಗೂ ಮಾರ್ಬಿಡ್ಬೇಡಿ."

ಅವನ ಪಕ್ಕದಲ್ಲಿ ಬೇರೊಂದು ದಪ್ಪ ಪುಸ್ತಕ ಹಿಡಿದಿದ್ದ ಪ್ರಯಾಣಿಕ ಇನ್ನೊಂದು ಬೂಟಿನ ಲೇಸಿಗೆ ಆಗಲೇ ಕೈಹಾಕಿದ್ದ.